ಮೀನುತೊಟ್ಟಿಯ ದ್ವೀಂದ್ರಿಯ ಜೀವಿಗಳು

ಶ್ರಾವಕನ ಅಹಿಂಸಾಣುವ್ರತವನ್ನು ವಿವರಿಸುವ ಉಪನ್ಯಾಸಗಳಲ್ಲಿ ಬರುವ ನಿದರ್ಶನಗಳು ಬಹುಮಟ್ಟಿಗೆ ದೊಡ್ಡವಾಗಿರುತ್ತವೆ. ಯಜ್ಞದ ಪಶು, ಬೇಡನ ಬಾಣ, ರಣಭೂಮಿ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಮಹಾರಾಜ. ಇವನ್ನು ಕೇಳಿ ಮನೆಗೆ ಮರಳುವ ಗೃಹಸ್ಥನ ಕೈಯಲ್ಲಿ ಬಾಣವೂ ಇರುವುದಿಲ್ಲ, ಅಂಗಳದಲ್ಲಿ ಯಜ್ಞಕುಂಡವೂ ಇರುವುದಿಲ್ಲ. ಅವನನ್ನು ಕಾಯುತ್ತಿರುವುದು ಅಕ್ಕಿಯ ಡಬ್ಬದ ಹುಳು, ಮೋರಿಯ ಜಿರಲೆ, ತುಳಸಿಗಿಡದ ಬುಡದ ಇರುವೆ. ವ್ರತದ ನಿಜವಾದ ಪರೀಕ್ಷೆ ಇಂತಹ ಕಡೆಗಳಲ್ಲಿಯೇ ನಡೆಯುತ್ತದೆಯೆಂಬುದನ್ನು ಬಲ್ಲವರು ಬಲ್ಲರು. ಯಶವಂತಪುರದ ಆಚೆಗೆ ಇರುವ ಸಮಾಜದ ಒಂದು ಸಣ್ಣ ವಿದ್ಯಾರ್ಥಿನಿಲಯದಲ್ಲಿ ಈ ಪರೀಕ್ಷೆ ಬಂದದ್ದು ಬಸವನಹುಳುವಿನ ರೂಪದಲ್ಲಿ.

ಆ ನಿಲಯದ ಮುಂದಿನ ಹಜಾರದಲ್ಲಿ ನಾಲ್ಕು ಅಡಿ ಉದ್ದದ, ಸುಮಾರು 250 ಲೀಟರು ನೀರು ಹಿಡಿಯುವ ಗಾಜಿನ ಮೀನುತೊಟ್ಟಿಯೊಂದು ಇದೆ. ಅದು ಮೊದಲು ಇದ್ದುದು ಆರ್.ಟಿ. ನಗರದ ಒಂದು ಮನೆಯಲ್ಲಿ. ಮನೆಯ ಯಜಮಾನರಿಗೆ ಮೀನು ಸಾಕುವುದು ಬಹುಕಾಲದ ಹವ್ಯಾಸ. ಅವರ ಪತ್ನಿ ಅಷ್ಟಮಿ-ಚತುರ್ದಶಿಗಳಂದು ಉಪವಾಸ ಮಾಡುವ ಶ್ರಾವಿಕೆ. ಪತಿಯ ಹವ್ಯಾಸವನ್ನು ಆಕೆ ಮೆಚ್ಚಿದವರೂ ಅಲ್ಲ, ತಡೆದವರೂ ಅಲ್ಲ. ಯಜಮಾನರು ಕಾಲವಾದ ಮೇಲೆ ತೊಟ್ಟಿಯ ನೀರು ಬದಲಿಸುವ ಶಕ್ತಿ ಆಕೆಗೆ ಇರಲಿಲ್ಲ. ಮೀನುಗಳನ್ನು ಎಲ್ಲಿಯೋ ಬಿಟ್ಟುಬಿಡುವ ಮನಸ್ಸೂ ಬರಲಿಲ್ಲ. ಹೀಗೆ ಅದು ನಿಲಯಕ್ಕೆ ಬಂದಿತು. ಪ್ಲಾಟಿ, ಗಪ್ಪಿ, ಕತ್ತಿಬಾಲದ ಮೀನು, ಕೆಲವು ಟೆಟ್ರಾ, ತಳದಲ್ಲಿ ಓಡಾಡುವ ಒಂದೆರಡು ಕೋರಿಡೋರಸ್. ಬೇರೆ ಬೇರೆ ಜಾತಿಗಳು ಒಟ್ಟಿಗೆ ಬಾಳುವ ಇಂತಹ ತೊಟ್ಟಿಯನ್ನು ಹವ್ಯಾಸಿಗಳು ‘ಕಮ್ಯೂನಿಟಿ’ ತೊಟ್ಟಿಯೆನ್ನುತ್ತಾರೆ. ಹಾಸ್ಟೆಲಿನ ಹುಡುಗರಿಗೆ ಆ ಹೆಸರು ಬಹಳ ಹಿಡಿಸಿತು.

ಹುಡುಗರು ಸರದಿಯಂತೆ ಮೀನುಗಳಿಗೆ ಆಹಾರ ಹಾಕತೊಡಗಿದರು. ಸರದಿ ಇಲ್ಲದವರೂ ಹೋಗುತ್ತ ಬರುತ್ತ ಒಂದೊಂದು ಚಿಟಿಕೆ ಹಾಕತೊಡಗಿದರು. ತೊಟ್ಟಿ ಖಾಲಿಖಾಲಿಯಾಗಿ ಕಾಣುತ್ತದೆಂದು ಯಾರೋ ಅಂಗಡಿಯಿಂದ ನೀರುಗಿಡಗಳನ್ನು ತಂದು ನೆಟ್ಟರು. ಆ ಗಿಡಗಳ ಎಲೆಯಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಳೆಯ ಗುಳ್ಳೆಗಳು ಅಂಟಿಕೊಂಡಿದ್ದವು. ಎರಡು ತಿಂಗಳೊಳಗಾಗಿ ಗಾಜಿನ ಮೇಲೆಲ್ಲ ಬಸವನಹುಳುಗಳು ಹರಿದಾಡಿದವು.

ಅವು ಎರಡು ಬಗೆಯವು. ಒಂದು, ಎಡಕ್ಕೆ ಸುತ್ತಿದ ತೆಳುಚಿಪ್ಪಿನ, ಮೂಲತಃ ಉತ್ತರ ಅಮೆರಿಕದ್ದಾಗಿ ಈಗ ಜಗತ್ತಿನಾದ್ಯಂತ ಹಬ್ಬಿರುವ ಫೈಸಾ. ಇದರಲ್ಲಿ ಒಂದೇ ಜೀವಿಯಲ್ಲಿ ಗಂಡು-ಹೆಣ್ಣುಗಳೆರಡೂ ಅಡಗಿರುತ್ತವೆ. ಸಂಗಾತಿ ದೊರೆಯದಿದ್ದರೆ ತಾನೊಂದೇ ಸಂತಾನವನ್ನು ಬೆಳೆಸಬಲ್ಲದು. ಇನ್ನೊಂದು ತುತ್ತೂರಿಯಂತೆ ಉದ್ದವಾದ ಶಂಖದ ಮೆಲನಾಯ್ಡಿಸ್. ಇದು ನಮ್ಮ ದೇಶದ ಕೆರೆಗಳಲ್ಲಿಯೂ ಉಂಟು. ಮೊಟ್ಟೆಯಿಡದೆ ಮರಿಗಳನ್ನೇ ಹಡೆಯುತ್ತದೆ. ಹಗಲೆಲ್ಲ ಮರಳಿನೊಳಗೆ ಹುದುಗಿದ್ದು ರಾತ್ರಿ ದೀಪ ಆರಿದ ಮೇಲೆ ಹೊರಬರುತ್ತದೆ. ನಿಲಯದಲ್ಲಿ ಬಳಸುವುದು ಕೊಳವೆಬಾವಿಯ ಗಡಸು ನೀರು. ಸುಣ್ಣದ ಅಂಶ ಹೆಚ್ಚಾಗಿರುವ ಇಂತಹ ನೀರಿನಲ್ಲಿ ಚಿಪ್ಪು ಕಟ್ಟುವುದು ಈ ಜೀವಿಗಳಿಗೆ ಬಹು ಸುಲಭ. ಆಹಾರವಂತೂ ಮೂರು ಹೊತ್ತೂ ತಳಕ್ಕೆ ಬೀಳುತ್ತಲೇ ಇತ್ತು.

ಈ ಜೀವಿಗಳಿಂದ ಆಗುವ ಹಾನಿ ಏನು ಎಂದು ಕೇಳಿದರೆ, ಹೆಚ್ಚೇನೂ ಇಲ್ಲ. ಉಳಿದ ಆಹಾರ, ಕೊಳೆತ ಎಲೆ, ಗಾಜಿನ ಪಾಚಿ ಇವೇ ಅವುಗಳ ಊಟ. ಆರೋಗ್ಯವಾದ ಗಿಡವನ್ನು ಅವು ಮುಟ್ಟುವುದು ವಿರಳ. ತುತ್ತೂರಿ ಹುಳುಗಳು ಮರಳನ್ನು ಕೆದಕಿ ಸಡಿಲವಾಗಿಡುತ್ತವೆ. ನೀರಿನಲ್ಲಿ ಆಮ್ಲಜನಕ ಕುಗ್ಗಿದಾಗ ಅವು ಗುಂಪುಗುಂಪಾಗಿ ಮೇಲಕ್ಕೆ ಏರುವುದರಿಂದ, ಕಣ್ಣುಳ್ಳವನಿಗೆ ಅದೊಂದು ಮುನ್ಸೂಚನೆಯೂ ಹೌದು. ಹಾನಿಯಾದದ್ದು ನೋಟಕ್ಕೆ. ಅತಿಥಿಗಳು ಕುಳಿತುಕೊಳ್ಳುವ ಹಜಾರದಲ್ಲಿ, ಪೂಜ್ಯ ತ್ಯಾಗಿಗಳು ಬಂದಾಗ ಪ್ರವಚನ ನಡೆಯುವ ಹಜಾರದಲ್ಲಿ, ಗಾಜಿನ ತುಂಬ ಹುಳು ಹರಿದಾಡುವುದು ವಾರ್ಡನ್ನರಿಗೆ ಸಹನೆಯಾಗಲಿಲ್ಲ. ಅವರದು ಸ್ವಚ್ಛತೆಯ ಸ್ವಭಾವ. ಅದರಲ್ಲಿ ದೋಷವೇನೂ ಇಲ್ಲ.

ಅಂಗಡಿಯವನು ಮೊದಲು ತೋರಿಸಿದ್ದು ತಾಮ್ರ ಬೆರೆತ ಒಂದು ಔಷಧದ ಸೀಸೆ. ಹನಿ ಹಾಕಿದರೆ ಒಂದೇ ದಿನದಲ್ಲಿ ಎಲ್ಲವೂ ಸಾಯುತ್ತವೆ ಎಂದನು. ವಾರ್ಡನ್ನರು ಅದನ್ನು ಮುಟ್ಟಲಿಲ್ಲ. ವಿಷಪ್ರಯೋಗವು ಶ್ರಾವಕನಿಗೆ ನಿಷಿದ್ಧವೆಂಬುದು ಅವರಿಗೆ ಬಾಲ್ಯದ ಪಾಠ. ಅಂಗಡಿಯವನು ಆಗ ಎರಡನೆಯ ಉಪಾಯವನ್ನು ಹೇಳಿದನು: ಲೋಚ್ ಮೀನುಗಳನ್ನು ಬಿಡಿರಿ, ಅವು ಹುಳುಗಳನ್ನು ತಿಂದು ಮುಗಿಸುತ್ತವೆ, ನಿಮ್ಮ ಕೈಗೆ ಏನೂ ಅಂಟುವುದಿಲ್ಲ. ಈ ಕೊನೆಯ ಮಾತು ವಾರ್ಡನ್ನರಿಗೆ ಸಮಾಧಾನವನ್ನು ಕೊಟ್ಟಿತು. ಪ್ರಕರಣದ ಗಂಟು ಇರುವುದೂ ಇಲ್ಲಿಯೇ.

ಲೋಚ್ ಎಂಬುದು ತಳದಲ್ಲಿ ವಾಸಿಸುವ, ಬಾಯಿಯ ಸುತ್ತ ಸಣ್ಣ ಮೀಸೆಗಳಿರುವ ಮೀನುಗಳ ಒಂದು ವಿಸ್ತಾರವಾದ ಬಳಗ. ಅದರಲ್ಲಿ ಬೋಟಿಯಾ ಮತ್ತು ಅದರ ಹತ್ತಿರದ ಕುಲದವು ಬಸವನಹುಳುವಿನ ಭಕ್ಷಕರೆಂದು ಹೆಸರಾಗಿವೆ. ಮೂತಿಯನ್ನು ಚಿಪ್ಪಿನ ಬಾಯಿಗೆ ಇಟ್ಟು ಒಳಗಿನ ಜೀವವನ್ನು ಹೀರಿಕೊಳ್ಳುತ್ತವೆ. ಬರಿದಾದ ಚಿಪ್ಪು ಮರಳಿನ ಮೇಲೆ ಉಳಿಯುತ್ತದೆ. ಇವುಗಳ ಕಣ್ಣಿನ ಕೆಳಗೆ ಮಡಚಿಕೊಳ್ಳುವ ಒಂದು ಮುಳ್ಳುಂಟು. ಬೆದರಿದಾಗ ಅದು ಹೊರಕ್ಕೆ ನಿಗುರಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಇವು ಒಂಟಿಯಾಗಿ ಬಾಳುವ ಮೀನುಗಳಲ್ಲ, ಐದಾರರ ಗುಂಪು ಬೇಕು.

ಆಯ್ಕೆಗೆ ಮೂರು ಬಗೆಗಳಿದ್ದವು. ಕಿತ್ತಳೆ ಮೈಯ ಮೇಲೆ ಮೂರು ಕಪ್ಪು ಪಟ್ಟಿಗಳಿರುವ ಕ್ಲೌನ್ ಲೋಚ್ ನೋಟಕ್ಕೆ ಅತ್ಯಂತ ಸುಂದರ. ಅದರ ತವರು ಬೋರ್ನಿಯೋ ಮತ್ತು ಸುಮಾತ್ರದ ನದಿಗಳು. ಅಂಗಡಿಯಲ್ಲಿ ಎರಡು ಅಂಗುಲದ ಮರಿಯಾಗಿ ಕಾಣುವ ಈ ಮೀನು ಒಂದು ಅಡಿಯವರೆಗೆ ಬೆಳೆಯುತ್ತದೆ, ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅಂದರೆ, ಇಂದು ಪಿ.ಯು.ಸಿ. ಓದುವ ಹುಡುಗ ತಂದು ಬಿಟ್ಟ ಮೀನು ಅವನ ಮಗನು ಶಾಲೆಗೆ ಹೋಗುವಾಗಲೂ ಇರಬೇಕು. ನಾಲ್ಕು ಅಡಿಯ ತೊಟ್ಟಿಯಲ್ಲಿ ಅಂತಹ ಐದು ಮೀನುಗಳನ್ನು ಇಡುವುದು ಸೆರೆಯೇ ಸರಿ. ಎರಡನೆಯದು ಉತ್ತರ ಭಾರತದ ಹೊಳೆಗಳ ಯೋಯೋ ಲೋಚ್. ಅಲ್ಮೋರಾ ಊರಿನ ಹೆಸರನ್ನೇ ಹೊತ್ತ ಬೋಟಿಯಾ ಅಲ್ಮೋರೇ. ಗಟ್ಟಿಮುಟ್ಟಾದುದು, ಆದರೆ ಸ್ವಲ್ಪ ಜಗಳಗಂಟಿ. ಮೂರನೆಯದು ಜೀಬ್ರಾ ಲೋಚ್. ಮೂರು ಅಂಗುಲದಷ್ಟೇ ಬೆಳೆಯುವ, ಮೈಮೇಲೆ ಕೂದಲೆಳೆಯಂತಹ ಗೆರೆಗಳಿರುವ, ಶಾಂತ ಸ್ವಭಾವದ ಮೀನು. ಯಾವ ಹವ್ಯಾಸಿಯನ್ನು ಕೇಳಿದರೂ ಈ ಗಾತ್ರದ ತೊಟ್ಟಿಗೆ ಇದೇ ತಕ್ಕುದೆಂದು ಹೇಳಿಯಾನು. ವಾರ್ಡನ್ನರು ಇದನ್ನೇ ಗೊತ್ತುಮಾಡಿ, ಖರ್ಚಿನ ಒಪ್ಪಿಗೆಗಾಗಿ ವಿಶ್ವಸ್ತ ಮಂಡಳಿಯ ಸಭೆಗೆ ಒಂದು ಚೀಟಿ ಬರೆದಿಟ್ಟರು.

ತೀರ್ಥಹಳ್ಳಿಯ ಕಡೆಯಿಂದ ಬಂದ ಒಬ್ಬ ಹುಡುಗ ಆ ನಿಲಯದಲ್ಲಿದ್ದನು, ಜಿ.ಕೆ.ವಿ.ಕೆ.ಯಲ್ಲಿ ಕೃಷಿ ಪದವಿಯ ವಿದ್ಯಾರ್ಥಿ. ಅಂಗಡಿಯಿಂದ ತಂದ ಚಿತ್ರವನ್ನು ನೋಡಿ ಅವನು, ಇದು ನಮ್ಮ ಹೊಳೆಯ ಮೀನು ಎಂದನು. ಯಾರೂ ನಂಬಲಿಲ್ಲ. ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿನಿಂದ ಮಾರುವುದೆಲ್ಲ ಪರದೇಶದ್ದೆಂಬುದು ನಮ್ಮ ಜನರ ಸಹಜ ತಿಳಿವಳಿಕೆ. ಆದರೆ ಹುಡುಗನ ಮಾತು ಅಕ್ಷರಶಃ ನಿಜ. ಜೀಬ್ರಾ ಲೋಚ್‌ನ ಶಾಸ್ತ್ರೀಯ ನಾಮ ಬೋಟಿಯಾ ಸ್ಟ್ರಿಯಾಟಾ. ಅದನ್ನು 1920ರಲ್ಲಿ ಲೋಕಕ್ಕೆ ಮೊದಲು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. ಅವರಿಗೆ ಆ ಮೀನು ದೊರೆತದ್ದು ತೀರ್ಥಹಳ್ಳಿಯ ತುಂಗೆಯಲ್ಲಿ. 1932ರಲ್ಲಿ ಬೆಂಗಳೂರಿನಿಂದ ಹೊರಡತೊಡಗಿದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಪ್ಪೆಗಳ ಅಧ್ಯಯನದಲ್ಲಿ ಅವರದು ದೊಡ್ಡ ಹೆಸರು, 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ಸಹ್ಯಾದ್ರಿಯ ಕೆಲವೇ ಹೊಳೆಗಳಲ್ಲಿ, ಕರ್ನಾಟಕ ಮಹಾರಾಷ್ಟ್ರಗಳ ಕೃಷ್ಣಾ ಕಣಿವೆಯಲ್ಲಿ ಮಾತ್ರ, ಈ ಮೀನಿನ ವಾಸ. ಕಾಡು ಕಡಿದು ಹೊಳೆಗೆ ಹೂಳು ತುಂಬುವುದು ಒಂದು ಕಡೆ, ಅಲಂಕಾರದ ವ್ಯಾಪಾರಕ್ಕಾಗಿ ಹಿಡಿಯುವುದು ಇನ್ನೊಂದು ಕಡೆ. ಇವುಗಳಿಂದಾಗಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೊಳಗಾದ ಜಾತಿಗಳ ಕೆಂಪುಪಟ್ಟಿಗೆ ಸೇರಿಸಿದೆ. ತೊಟ್ಟಿಯಲ್ಲಿ ಇದು ತಾನಾಗಿ ಮರಿಮಾಡುವುದು ಬಹು ಅಪರೂಪ. ಆದ್ದರಿಂದ ಅಂಗಡಿಗೆ ಬರುವ ಮೀನು ಬಹುಪಾಲು ಹೊಳೆಯಿಂದ ಹಿಡಿದದ್ದೇ.

ಹೀಗೆ, ಗಾಜಿಗೆ ಅಂಟಿದ ಹುಳುವನ್ನು ತೆಗೆಯಲು ತುಂಗೆಯ ಮೀನನ್ನು ಹಿಡಿದು ತರಿಸುವ ಪ್ರಸ್ತಾಪ ಮಂಡಳಿಯ ಮುಂದೆ ಬಂದಿತು.

ಸಭೆಯಲ್ಲಿ ನಡೆದ ಚರ್ಚೆ ಸಾಧಾರಣ ಮಟ್ಟದ್ದಾಗಿರಲಿಲ್ಲ. ವಾರ್ಡನ್ನರ ಪರವಾಗಿದ್ದ ಸದಸ್ಯರು ಹೇಳಿದ್ದು: ಮೀನು ಹುಳುವನ್ನು ತಿನ್ನುವುದು ಅದರ ಪ್ರಕೃತಿ, ಹೊಳೆಯಲ್ಲಿಯೂ ತಿನ್ನುತ್ತದೆ, ತೊಟ್ಟಿಯಲ್ಲಿಯೂ ತಿನ್ನುತ್ತದೆ, ಅದರ ಕರ್ಮ ಅದಕ್ಕೆ, ನಾವು ಕೊಲ್ಲುವುದಿಲ್ಲ. ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಹದ್ದು ಗಿಡುಗಗಳಿಗೂ ಔಷಧೋಪಚಾರ ಮಾಡುತ್ತಾರೆ, ಆದರೆ ಸಸ್ಯಾಹಾರಿ ಪಕ್ಷಿಗಳಂತೆ ಒಳಗೆ ಇರಿಸಿಕೊಳ್ಳುವುದಿಲ್ಲವೆಂಬುದು ಪ್ರಸಿದ್ಧ. ಹಿಂಸ್ರ ಜೀವಿಯ ವಿಷಯದಲ್ಲಿ ಕರುಣೆಗೂ ಪೋಷಣೆಗೂ ನಡುವೆ ಒಂದು ಗೆರೆಯಿದೆ ಎಂಬುದನ್ನು ಆ ಸಂಸ್ಥೆ ತನ್ನ ನಡತೆಯಿಂದಲೇ ಹೇಳಿದಂತಾಯಿತು. ತಾನಾಗಿ ಬಂದು ಬಿದ್ದ ಹದ್ದಿನ ರೆಕ್ಕೆ ಕಟ್ಟುವುದು ಬೇರೆ. ಇಲಿ ಹಿಡಿಯಲೆಂದು ಬೆಕ್ಕನ್ನು ಕೊಂಡು ತರುವುದು ಬೇರೆ.

ಶಾಸ್ತ್ರಗಳೂ ಈ ಗೆರೆಯನ್ನು ಗುರುತಿಸಿವೆ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದು ಅನರ್ಥದಂಡದಲ್ಲಿ ಸೇರಿದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳ ಪೈಕಿ ಅಸತೀಪೋಷಣವೂ ಒಂದು. ದಿಗಂಬರ-ಶ್ವೇತಾಂಬರ ಭೇದವಿಲ್ಲದೆ ಎರಡು ಪರಂಪರೆಗಳೂ ಇಲ್ಲಿ ಒಂದೇ ಮಾತನ್ನು ಆಡುತ್ತವೆ. ಕಾರಣವೂ ಸ್ಪಷ್ಟ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರರಲ್ಲಿ ನಡುವಿನದು ಜಾರಿಕೊಳ್ಳುವ ಸ್ವಭಾವದ್ದು. ಮಾಡುವವನಿಗೆ ತಾನು ಮಾಡಿದೆನೆಂಬ ಅರಿವಾದರೂ ಇರುತ್ತದೆ. ಮಾಡಿಸುವವನ ಕೈ ಶುಭ್ರವಾಗಿರುವುದರಿಂದ ಮನಸ್ಸೂ ಶುಭ್ರವೆಂದು ಅವನು ಭ್ರಮಿಸುತ್ತಾನೆ. ಕೈಗೆ ಏನೂ ಅಂಟುವುದಿಲ್ಲವೆಂದು ಅಂಗಡಿಯವನು ಆಡಿದ್ದು ವ್ಯಾಪಾರದ ಮಾತು. ಅದನ್ನು ಧರ್ಮದ ಮಾತೆಂದು ಬಗೆದಾಗ ಅಪಾಯ.

ಇನ್ನೊಬ್ಬ ಸದಸ್ಯರು ಲೆಕ್ಕದ ವಾದವನ್ನು ಮುಂದಿಟ್ಟರು. ಬಸವನಹುಳು ಶಂಖದ ಜಾತಿಗೆ ಸೇರಿದ್ದು. ಸ್ಪರ್ಶ, ರುಚಿ ಎರಡೇ ಇಂದ್ರಿಯಗಳುಳ್ಳ ದ್ವೀಂದ್ರಿಯ. ಮೀನು ಪಂಚೇಂದ್ರಿಯ. ಹುಳುಗಳು ಹೆಚ್ಚಿ ನೀರು ಕೆಟ್ಟು ಮೀನುಗಳು ಸತ್ತರೆ ದೋಷ ಹೆಚ್ಚಲ್ಲವೇ, ಹಲವನ್ನು ಉಳಿಸಲು ಕೆಲವು ಹೋದರೆ ತಪ್ಪೇ ಎಂದರು. ಬಹುತೇಕ ಗೃಹಸ್ಥರು ಒಪ್ಪಿಬಿಡುವ ತರ್ಕವಿದು. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ತರ್ಕವನ್ನು ಎತ್ತಿಕೊಂಡು, ಒಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ಎಣಿಕೆಯಿಂದ ಹಿಂಸೆಗೆ ಇಳಿಯಬಾರದೆಂದು ನಿರಾಕರಿಸಿದ್ದಾರೆ. ಅಲ್ಲದೆ ಇಲ್ಲಿ ಲೆಕ್ಕದ ಮೊದಲ ಸಾಲೇ ತಪ್ಪಾಗಿತ್ತು. ನೀರು ಕೆಡುತ್ತಿದ್ದುದು ತಳದಲ್ಲಿ ಕೊಳೆಯುವ ಆಹಾರದಿಂದ. ಹುಳುಗಳು ಅದರ ಫಲವಾಗಿ ಬಂದವು. ಲೋಚ್‌ಗಳು ಹುಳುಗಳನ್ನು ತಿಂದ ಮೇಲೂ ಆಹಾರ ಬೀಳುತ್ತಲೇ ಇದ್ದರೆ ಮರಳಿನೊಳಗೆ ಉಳಿದ ನಾಲ್ಕಾರರಿಂದ ಸಂತಾನ ಮತ್ತೆ ಬೆಳೆಯುತ್ತದೆ. ಬೆಳೆಯದಿದ್ದರೆ ಲೋಚ್‌ಗಳಿಗೆಂದೇ ಬೇರೆ ಆಹಾರವನ್ನು ಹಾಕಬೇಕಾಗುತ್ತದೆ. ಉಪಕರಣವಾಗಿ ತಂದ ಜೀವಿಯ ಕಥೆ ಬಹಳ ಕಡೆ ಹೀಗೆಯೇ ಮುಗಿದಿದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ಇಂದು ಸ್ಥಳೀಯ ಮೀನುಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿನ್ನುವ ಪಿಡುಗೆಂದು ಎಣಿಸಲ್ಪಡುತ್ತಿದೆ.

ಸಭೆಯಲ್ಲಿದ್ದ ವಯೋವೃದ್ಧರೊಬ್ಬರು ಶಾಲಿಸಿಕ್ಥ ಮತ್ಸ್ಯದ ಕಥೆಯನ್ನು ನೆನಪಿಸಿದರು. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಯ ಕಾಳಿನಷ್ಟು ಗಾತ್ರದ ಒಂದು ಮೀನು ಇದ್ದಿತು. ಮಹಾಮತ್ಸ್ಯದ ತೆರೆದ ಬಾಯೊಳಗೆ ಹೊಕ್ಕು ಹೊರಬರುವ ಅಸಂಖ್ಯಾತ ಜಲಚರಗಳನ್ನು ಕಂಡು, ತನಗೆ ಇಂತಹ ದೇಹವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಯೋಚಿಸುತ್ತಿತ್ತು. ಒಂದು ಜೀವಿಯನ್ನೂ ನುಂಗದೆ, ಆ ಯೋಚನೆಯೊಂದರಿಂದಲೇ ಅದು ಮಹಾನರಕಕ್ಕೆ ಹೋಯಿತು. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಈ ಮೀನಿನ ಉಲ್ಲೇಖವುಂಟು. ಕುಂದಕುಂದರ ತಪೋಭೂಮಿಯೆಂದು ಪರಂಪರೆ ನಂಬಿರುವ ಕುಂದಾದ್ರಿ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯ ನಡುವೆ ತಿಳಿನೀರಿನ ಕೊಳ. ಬೆಟ್ಟದ ಕೆಳಗಿನ ಸೀಮೆಯ ನೀರೆಲ್ಲ ಸೇರುವುದು ತುಂಗೆಗೆ. ಯಾವ ಮೀನನ್ನು ಹಿಡಿದು ತಂದು ಕೊಲ್ಲಿಸಬೇಕೆಂದು ಮಂಡಳಿ ಯೋಚಿಸುತ್ತಿತ್ತೋ ಅದೂ ಅದೇ ಸೀಮೆಯದು. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಮೇಲೆ ಶೃಂಗೇರಿಯಲ್ಲಿಯೂ ಇದೇ ತುಂಗೆಯ ಮೀನುಗಳಿಗೆ ಜನರು ಹರಕೆಯ ಮಂಡಕ್ಕಿ ಎರಚುತ್ತಾರೆ, ಗಾಳ ಹಾಕುವುದಿಲ್ಲ. ಜೀಬ್ರಾ ಲೋಚ್‌ಗೆ ಅಂತಹ ದೇವಸ್ಥಾನದ ರಕ್ಷಣೆ ಎಲ್ಲ ಕಡೆಯೂ ಇಲ್ಲ. ಅದು ಕೈಬೆರಳುದ್ದದ ಮೀನು, ಮಂಡಕ್ಕಿಗೆ ಮೇಲೆದ್ದು ಬರುವುದಿಲ್ಲ.

ಆ ವೃದ್ಧರು ಅಲ್ಲಿಗೇ ನಿಲ್ಲಲಿಲ್ಲ. ತೊಟ್ಟಿಯೇ ಒಂದು ಬಂಧನವಲ್ಲವೇ ಎಂದು ಕೇಳಿದರು. ತತ್ತ್ವಾರ್ಥಸೂತ್ರವು ಅಹಿಂಸಾವ್ರತದ ಅತಿಚಾರಗಳಲ್ಲಿ ಬಂಧವನ್ನು ಸೇರಿಸಿದೆ. ಹುಳುವಿನ ಪ್ರಾಣಕ್ಕಾಗಿ ಇಷ್ಟು ಮರುಗುವವರು ಮೀನಿನ ಸೆರೆಯನ್ನು ನೋಡದಿರುವುದೇಕೆ? ಮೀನುಗಳಿಗೆ ದಿನವೂ ಹಾಕುವ ಆಹಾರದ ಡಬ್ಬದ ಹಿಂಬದಿಯನ್ನು ಯಾರಾದರೂ ಓದಿದ್ದಾರೆಯೇ? ಹುಡುಗನೊಬ್ಬನು ಹೋಗಿ ಡಬ್ಬವನ್ನು ತಂದನು. ಮೀನಿನ ಹುಡಿ, ಸೀಗಡಿಯ ಹುಡಿ ಎಂದು ಅಚ್ಚಾಗಿತ್ತು. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಇನ್ನೊಂದು ಸಂಗತಿಯನ್ನು ಆ ಹುಡುಗನೇ ಅಂಜುತ್ತಂಜುತ್ತ ಹೇಳಿದನು: ಗಪ್ಪಿ, ಪ್ಲಾಟಿಗಳು ಪ್ರತಿ ತಿಂಗಳೂ ಮರಿಹಾಕುತ್ತವೆ, ಮರಿಗಳಲ್ಲಿ ಹೆಚ್ಚಿನವನ್ನು ದೊಡ್ಡವೇ ತಿನ್ನುತ್ತವೆ. ಅದನ್ನು ಇದುವರೆಗೆ ಯಾರೂ ಉಪದ್ರವವೆಂದು ಕರೆದಿರಲಿಲ್ಲ. ಮರಿಗಳಿಗೆ ಬಣ್ಣವಿದ್ದಿತು, ಹುಳುಗಳಿಗೆ ಇರಲಿಲ್ಲ.

ತೊಟ್ಟಿಯನ್ನು ತೆಗೆದುಬಿಡೋಣ ಎಂಬ ಸೂಚನೆ ಆಗ ಬಂದಿತು. ತೆಗೆದು ಮೀನುಗಳನ್ನು ಎಲ್ಲಿಗೆ ಒಯ್ಯುವುದು? ಹೆಬ್ಬಾಳದ ಕೆರೆಗೆ ಬಿಡಬಹುದೆಂದು ಒಬ್ಬರು, ಯಲಹಂಕದ ಪುಟ್ಟೇನಹಳ್ಳಿ ಕೆರೆ ಹತ್ತಿರವೆಂದು ಇನ್ನೊಬ್ಬರು. ಜೀವದಯೆಯ ಹೆಸರಿನಲ್ಲಿ ನಮ್ಮ ಸಮಾಜದಲ್ಲಿಯೂ ಇತರ ಸಮಾಜಗಳಲ್ಲಿಯೂ ಹೀಗೆ ಬಿಡುವ ಪದ್ಧತಿ ಬೇರೂರಿದೆ. ಅದು ಶುದ್ಧವಾದ ದಯೆಯಲ್ಲ. ಪ್ಲಾಟಿ, ಗಪ್ಪಿಗಳು ಅಮೆರಿಕಾ ಖಂಡದ ಮೀನುಗಳು. ಕೆರೆಯಲ್ಲಿ ಒಂದೋ ತಾವು ಸಾಯುತ್ತವೆ, ಇಲ್ಲವೇ ಅಲ್ಲಿಯವನ್ನು ಸಾಯಿಸುತ್ತವೆ. ತೊಟ್ಟಿಗೆ ದೊಡ್ಡದಾಯಿತೆಂದು ಬಿಟ್ಟ ದಕ್ಷಿಣ ಅಮೆರಿಕದ ಗಾಜುನೆಕ್ಕುವ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆ-ಕಾಲುವೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಬಸವನಹುಳುವನ್ನು ಕೆರೆಗೆ ಎಸೆಯುವುದೂ ಅಂತಹುದೇ.

ಈ ವಿಷಯದಲ್ಲಿ ನಮ್ಮ ಹಿರಿಯರ ಜಲಗಾಲನದ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಎಷ್ಟು ಮನನ ಮಾಡಿದರೂ ಕಡಿಮೆಯೇ. ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸುವುದು ಎಲ್ಲರಿಗೂ ಗೊತ್ತು. ಬಟ್ಟೆಯಲ್ಲಿ ಉಳಿದ ಜೀವಾನಿಯನ್ನು ಸೋಸಿದ ನೀರಿನಿಂದಲೇ ತೊಳೆದು ಮರಳಿ ಬಿಡಬೇಕಾದದ್ದು ಯಾವ ನೀರಿನಿಂದ ತಂದೆವೋ ಅದೇ ನೀರಿಗೆ. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ಅದೂ ಮೇಲಿನಿಂದ ಸುರಿಯದೆ, ಕೊಡವನ್ನು ನೀರಿನ ಮಟ್ಟದವರೆಗೆ ಇಳಿಸಿ. ಒಂದು ನೀರಿನ ಜೀವಕ್ಕೆ ಇನ್ನೊಂದು ನೀರು ಘಾತಕವೆಂಬುದನ್ನು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಕಂಡುಕೊಂಡವರು ಕೆರೆಗೆ ತೊಟ್ಟಿಯ ಮೀನನ್ನು ಬಿಡಲು ಎಂದಿಗೂ ಒಪ್ಪುತ್ತಿರಲಿಲ್ಲ.

ತೊಟ್ಟಿಯನ್ನು ಕೊಟ್ಟ ಆ ತಾಯಿಯವರನ್ನೂ ಸಭೆಗೆ ಕರೆದಿದ್ದರು. ಅಷ್ಟು ಹೊತ್ತೂ ಅವರು ಮಾತಾಡಿರಲಿಲ್ಲ. ತೊಟ್ಟಿಯನ್ನು ತೆಗೆಯುವ ಮಾತು ಬಂದಾಗ ಅವರ ಮುಖದ ಬಣ್ಣ ಇಳಿದದ್ದನ್ನು ಕೆಲವರು ಗಮನಿಸಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಹುಡುಗರು ದಿನಕ್ಕೆ ಎಷ್ಟು ಸಲ ಆಹಾರ ಹಾಕುತ್ತಾರೆ? ಮೂರು ಸಲ, ಕೆಲವೊಮ್ಮೆ ಐದು ಸಲ ಎಂದರು. ಯಜಮಾನರು ಇದ್ದಾಗಲೂ ಹುಳುಗಳಿದ್ದವು ಎಂದು ತಾಯಿಯವರು ಹೇಳಿದರು. ಅಲ್ಲೊಂದು ಇಲ್ಲೊಂದು, ಹುಡುಕಿದರೆ ಕಾಣುವಷ್ಟು. ಅವರು ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ಮೀನುಗಳು ತಿಂದು ಮುಗಿಸುವಷ್ಟು ಮಾತ್ರ ಹಾಕುತ್ತಿದ್ದರು. ಅಷ್ಟಮಿ, ಚತುರ್ದಶಿಗಳಂದು ಅದನ್ನೂ ಹಾಕುತ್ತಿರಲಿಲ್ಲ. ನಿನ್ನ ಜೊತೆ ಇವುಗಳಿಗೂ ಉಪವಾಸ ಎಂದು ನಗುತ್ತಿದ್ದರು. ಆ ನಗೆ ಪರಿಹಾಸವೆಂದು ತಾಯಿಯವರಿಗೆ ಎಷ್ಟೋ ವರ್ಷ ಸಿಟ್ಟಿತ್ತಂತೆ.

ಅನ್ನಪಾನನಿರೋಧವೂ ಒಂದು ಅತಿಚಾರವಲ್ಲವೇ ಎಂದು ಯಾರೋ ಶಂಕಿಸಿದರು. ಶಂಕೆ ನ್ಯಾಯವಾದುದೇ. ಆದರೆ ಮೀನು ಶೀತರಕ್ತದ ಪ್ರಾಣಿ. ಮೈಯನ್ನು ಬೆಚ್ಚಗಿಡಲು ಅದು ಆಹಾರವನ್ನು ಉರಿಸಬೇಕಾಗಿಲ್ಲ. ಆರೋಗ್ಯವಾಗಿ ಬೆಳೆದ ಮೀನಿಗೆ ವಾರದಲ್ಲಿ ಒಂದು ದಿನ ಆಹಾರವಿಲ್ಲದಿದ್ದರೆ ಬಾಧೆಯಿಲ್ಲ. ಹೆಚ್ಚು ತಿನ್ನಿಸಿ ಕೆಟ್ಟ ನೀರಿನಲ್ಲಿ ಸತ್ತ ತೊಟ್ಟಿಮೀನುಗಳೇ ಹೆಚ್ಚು. ಜಿ.ಕೆ.ವಿ.ಕೆ.ಯ ಹುಡುಗನು ಇದನ್ನು ವಿವರಿಸಿದ ಮೇಲೆ ಶಂಕೆ ನಿಂತಿತು.

ಮಂಡಳಿಯ ತೀರ್ಮಾನವಾಯಿತು. ಲೋಚ್ ಮೀನುಗಳನ್ನು ಕೊಳ್ಳತಕ್ಕದ್ದಲ್ಲ. ಹೊಸದಾಗಿ ಯಾವ ಮೀನನ್ನೂ ಕೊಳ್ಳತಕ್ಕದ್ದಲ್ಲ. ಇರುವವು ತಮ್ಮ ಆಯುಷ್ಯವನ್ನು ಇಲ್ಲಿಯೇ ಕಳೆಯಲಿ. ಆಹಾರದ ಡಬ್ಬ ವಾರ್ಡನ್ನರ ಬೀರುವಿನಲ್ಲಿರತಕ್ಕದ್ದು, ಬೆಳಗ್ಗೆ ಒಂದೇ ಸಲ ಹೊರಬರತಕ್ಕದ್ದು. ತಳದ ಕೊಳೆಯನ್ನು ವಾರಕ್ಕೊಮ್ಮೆ ರಬ್ಬರಿನ ಕೊಳವೆಯಿಂದ ಹೀರಿ ತೆಗೆಯಬೇಕು. ಆ ನೀರನ್ನು ಮೋರಿಗೆ ಬಿಡುವ ಮುನ್ನ ಬಟ್ಟೆಯಲ್ಲಿ ಸೋಸಿ ನೋಡಬೇಕು.

ಹುಳುಗಳನ್ನು ಹೊರತೆಗೆಯುವ ಕೆಲಸವನ್ನು ಹುಡುಗರು ವಹಿಸಿಕೊಂಡರು. ರಾತ್ರಿ ದೀಪವಾರಿಸುವ ಮುನ್ನ ಸೌತೆಕಾಯಿಯ ಒಂದು ಬಿಲ್ಲೆಯನ್ನು ದಾರಕ್ಕೆ ಕಟ್ಟಿ ತಳಕ್ಕೆ ಇಳಿಸುವುದು. ಬೆಳಗ್ಗೆ ಎತ್ತಿದಾಗ ಅದರ ತುಂಬ ಹುಳುಗಳು ಮುತ್ತಿರುತ್ತವೆ. ರಾತ್ರಿ ಭೋಜನ ತ್ಯಾಗದ ನಿಯಮವಿರುವ ನಿಲಯದಲ್ಲಿ ಹುಳುಗಳಿಗೆ ಮಾತ್ರ ರಾತ್ರಿಯ ಊಟವೇ ಎಂದು ಹುಡುಗರು ನಗೆಯಾಡಿದರು. ಹಾಗೆ ತೆಗೆದವನ್ನು ತೊಟ್ಟಿಯದೇ ನೀರು ತುಂಬಿದ ಒಂದು ದೊಡ್ಡ ಗಾಜಿನ ಭರಣಿಯಲ್ಲಿಟ್ಟು, ಬಾಡಿದ ಒಂದೆರಡು ಸೊಪ್ಪಿನ ಎಲೆ ಹಾಕಿ, ಮೆಟ್ಟಿಲ ಬಳಿ ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇರಿಸಿದರು. ಎಲೆಗಳ ಅಡಿಯ ಲೋಳೆಯ ಮೊಟ್ಟೆಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳಾಗಿ, ಕೊನೆಗೆ ಎಲೆಸಮೇತ ಕಿತ್ತು ಅವನ್ನೂ ಭರಣಿಗೇ ಸೇರಿಸಿದರು.

ಮೂರು ತಿಂಗಳಲ್ಲಿ ಗಾಜು ತಿಳಿಯಾಯಿತು. ಹುಳುಗಳು ಇಲ್ಲವಾದವೆಂದಲ್ಲ, ಹುಡುಕಿದರೆ ಕಾಣುವಷ್ಟಾದವು. ಭರಣಿಯಲ್ಲಿಯೂ ಎಲೆಯ ಅಳತೆಗೆ ತಕ್ಕಷ್ಟೇ ಉಳಿದುಕೊಂಡಿವೆ. ವಾರ್ಡನ್ನರಿಗೆ ಪೂರ್ಣ ತೃಪ್ತಿಯಿಲ್ಲ, ಭರಣಿಯನ್ನು ಹಿತ್ತಲ ಕಡೆಗೆ ಸರಿಸಬೇಕೆಂದು ಆಗಾಗ ಹೇಳುತ್ತಾರೆ. ತಾಯಿಯವರು ಚತುರ್ದಶಿಯಂದು ಬಸದಿಯಿಂದ ಮರಳುವಾಗ ನಿಲಯಕ್ಕೆ ಬಂದು, ಅಂದು ಮೀನುಗಳಿಗೆ ಆಹಾರ ಹಾಕಿಲ್ಲವೆಂಬುದನ್ನು ಕೇಳಿ ತಿಳಿದು ಹೋಗುತ್ತಾರೆ.

ಡಬ್ಬದ ಮೇಲೆ ಅಚ್ಚಾದ ಮೀನಿನ ಹುಡಿಯ ವಿಷಯ ಮಾತ್ರ ಬಗೆಹರಿದಿಲ್ಲ. ಪಾಚಿಯಿಂದ ತಯಾರಿಸಿದ ಬಿಲ್ಲೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಪ್ಲಾಟಿಗಳೂ ಗಪ್ಪಿಗಳೂ ಅದನ್ನು ತಿನ್ನುತ್ತಿವೆ. ಟೆಟ್ರಾಗಳು ಮೂಸಿ ಬಿಡುತ್ತಿವೆ, ಅವು ಹುಟ್ಟಿನಿಂದ ಕೀಟಾಹಾರಿಗಳು. ಅವುಗಳಿಗಾಗಿ ಹಳೆಯ ಡಬ್ಬವನ್ನು ಮುಂದುವರಿಸಬೇಕೇ ಎಂಬುದನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿದ್ದಾರೆ. ಅದರ ಕೆಳಗೆ, ಬೇರೆ ಅಕ್ಷರದಲ್ಲಿ, ಪ್ಲಾಟಿಗಳು ಮತ್ತೆ ಮರಿಹಾಕಿವೆ ಎಂದು ಯಾರೋ ಬರೆದಿದ್ದಾರೆ.